ಕೇಳದೆ ಅಳಿಸಿದ ಪದ

ಎರಡು ಸಾವಿರದ ಇಸವಿ ಕಳೆದ ಹೊಸತು. ಶಿವಮೊಗ್ಗದ ಕೋಟೆಯ ಬಳಿ, ಕುಲುಮೆಗಳ ಬಿಸಿ ಅಳೆಯುವ ಎಲೆಕ್ಟ್ರಾನಿಕ್ ಕಾರ್ಡು ತಯಾರಿಸುತ್ತಿದ್ದ ಸಣ್ಣ ಕಂಪನಿಯಲ್ಲಿ ನಾನು ಪ್ರೋಗ್ರಾಂ ಬರೆಯುತ್ತಿದ್ದೆ. ಸಿ ಭಾಷೆಯ ನಡುವೆ, ಸೆನ್ಸರ್‌ನಿಂದ ಅಂಕಿ ಓದಲು ನಾಲ್ಕು ಸಾಲು ಅಸೆಂಬ್ಲಿ, ಅಂದರೆ ಚಿಪ್ಪಿಗೆ ನೇರ ಆದೇಶ. ಆ ಸಾಲುಗಳು ಏನು ಮಾಡುತ್ತವೆಂದು, ನಮ್ಮ ಬರಹವನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್‌ಗೆ ತಿಳಿಯದು. ನಾವು ಹೇಳಿದಷ್ಟೇ ಅದಕ್ಕೆ ಗೊತ್ತು. ಅದಕ್ಕೇ ‘ವೊಲಟೈಲ್’ ಎಂಬ ಪದ ಸೇರಿಸಿದ್ದೆ: ಪ್ರತಿ ಸಲವೂ ಹೊಸದಾಗಿ ಓದು ಎಂದು.

ನಮ್ಮ ಸೀನಿಯರ್ ಎಂಜಿನಿಯರ್ ಅದನ್ನು ಅಳಿಸಿದರು. ನನ್ನನ್ನು ಕೇಳಲಿಲ್ಲ. ಪ್ರೋಗ್ರಾಂ ಚುರುಕಾಗಲೆಂದು, ಬೇಡವೆನಿಸಿದ ಕೆಲಸವನ್ನು ಕಂಪೈಲರ್ ತಾನೇ ಕಡಿಮೆ ಮಾಡುವ ಆಪ್ಟಿಮೈಸೇಶನ್ ಹಾಕಿ, ಪರೀಕ್ಷೆಯನ್ನೂ ಮಾಡದೆ, ಭದ್ರಾವತಿಯ ಒಂದು ಫೌಂಡ್ರಿಗೆ ಕಾರ್ಡು ಕಳಿಸಿಬಿಟ್ಟರು.

ಕಾರ್ಡು ಜೋಡಿಸಿದ ದಿನವೇ ಅಲ್ಲಿ ಕುಲುಮೆ ಮಿತಿಮೀರಿ ಕಾದು ಒಳಗೋಡೆ ಬಿರಿಯಿತು. ನಿದ್ದೆ ಹೊಡೆದನೆಂದು ಕುಲುಮೆ ನೋಡಿಕೊಳ್ಳುತ್ತಿದ್ದ ಆಪರೇಟರನ್ನು ಕೆಲಸದಿಂದ ನಿಲ್ಲಿಸಿದರು. ಸುದ್ದಿ ಬಂದೊಡನೆ ನಾನು ಕಂಪೈಲರ್ ಕೊಟ್ಟ ಕೋಡನ್ನು ತೆರೆದು ನೋಡಿದೆ. ಓದುವ ಸಾಲುಗಳು ಮತ್ತೆ ಮತ್ತೆ ಸುತ್ತುವ ಲೂಪಿನಿಂದ ಹೊರಗೆ ಹೋಗಿದ್ದವು. ಒಮ್ಮೆ ಓದಿದ ಅಂಕಿಯನ್ನೇ ಕಾರ್ಡು ತೋರಿಸುತ್ತ ಕೂತಿತ್ತು. ಕಾದ ಕುಲುಮೆಗೇ ಜೋಡಿಸಿದ್ದರಿಂದ ಆ ಅಂಕಿ ಯಾರಿಗೂ ತಪ್ಪೆನಿಸಿರಲಿಲ್ಲ.

ಸೀನಿಯರ್ ಜೊತೆ ಭದ್ರಾವತಿಗೆ ಹೋದಾಗ ಆಪರೇಟರ್ ಗೇಟಿನ ಹೊರಗೆ ಹೆಂಡತಿಯೊಂದಿಗೆ ನಿಂತಿದ್ದ.

“ನಿದ್ದೆ ಮಾಡಿಲ್ಲಮ್ಮ. ನೋಡ್ತಾನೇ ಇದ್ದೆ. ನಂಬರ್ ಅಲ್ಲಾಡ್ಲೇ ಇಲ್ಲ,” ಎಂದು ನನಗೆ ಹೇಳಿದ.

ಸೀನಿಯರ್ ನನ್ನನ್ನು ಪಕ್ಕಕ್ಕೆ ಕರೆದರು. “ಒಳಗೆ ಬಾಯಿಬಿಡ್ಬೇಡ ಮಾರಾಯ್ತಿ. ಕಂಪೈಲರ್ ತೊಂದ್ರೆ ಅಂತ ಆಮೇಲೆ ಹೇಳಿದ್ರಾಯ್ತು.”

“ಕಂಪೈಲರ್‌ದೇನೂ ತಪ್ಪಿಲ್ಲ ಸರ್. ಅಳಿಸಿದ್ದು ನೀವು.”

“ಕಂಪನಿ ಹೆಸರು ಕೆಡುತ್ತೆ.”

“ಆ ಆಪರೇಟರ್ ಹೆಸರು ಕೆಟ್ರೆ ಪರವಾಗಿಲ್ವಾ?”

ಕಾಯದೆ ಒಳಗೆ ನಡೆದೆ; ಅವರೂ ಹಿಂದೆ ಬಂದರು. ಫೌಂಡ್ರಿಯ ಮ್ಯಾನೇಜರ್ ಮೇಜಿನ ಮೇಲೆ ಕುಲುಮೆಯಿಂದ ಬಿಚ್ಚಿದ ಕಾರ್ಡಿಟ್ಟು ಅದಕ್ಕೆ ಕರೆಂಟು ಕೊಟ್ಟೆ. ಸೆನ್ಸರ್‌ಗೆ ಬಿಸಿ ಸೋಲ್ಡರಿಂಗ್ ಐರನ್ ತಾಗಿಸಿದೆ. ಅಂಕಿ ಕದಲಲಿಲ್ಲ. ಆ ಪದವನ್ನು ಮತ್ತೆ ಸೇರಿಸಿ ತಂದಿದ್ದ ಕಾರ್ಡಿಗೆ ಅದೇ ಸೆನ್ಸರ್ ಜೋಡಿಸಿದೆ. ಅಂಕಿ ಸರಸರನೆ ಏರಿತು.

“ಆಪರೇಟರ್ ತಪ್ಪಿಲ್ಲ. ತಪ್ಪು ನಮ್ಮ ಕಂಪನೀದು,” ಎಂದೆ.

ಆಪರೇಟರನ್ನು ಒಳಗೆ ಕರೆಸಿದರು. ಮ್ಯಾನೇಜರ್, “ನಾಳೆ ಡ್ಯೂಟಿಗೆ ಬಾ,” ಎಂದಷ್ಟೇ ಹೇಳಿ ಫೋನ್ ಎತ್ತಿಕೊಂಡರು. ನಮ್ಮ ಸೀನಿಯರ್ ಗೋಡೆ ನೋಡುತ್ತಿದ್ದರು. ನಿದ್ದೆಬಡುಕನೆಂದು ಊರಿಗೆಲ್ಲ ಸಾರಿದ್ದ ಬಾಯಿಗಳಿಂದ ‘ತಪ್ಪಾಯ್ತು’ ಎಂಬ ಒಂದು ಮಾತೂ ಹೊರಡಲಿಲ್ಲ. ಆಪರೇಟರ್ ನನಗೆ ಕೈಮುಗಿದ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಕೈ ಮುಗಿಯಬೇಕಾದವರು ಬೇರೆ ಇದ್ದರು.