ಜಾಗ ಬಿಟ್ಟ ಸ್ವರ

"ಅಮ್ಮಾ, ಪೆಟ್ಟಿಗೆ ತಾತ ಸರಿಯಾಗಿರೋದನ್ನೇ ಯಾಕೆ ಕೆರೀತಾರೆ?"

"ಸುಮ್ನಿರೇ, ನಾಕು ದಿನ ಪೆಟ್ಟಿಗೆ ಒತ್ತಿದ್ದಕ್ಕೇ ದೊಡ್ಡ ವಿದುಷಿ ಆಗ್ಬಿಟ್ಯಾ?" ಬಟ್ಟೆ ಹಿಂಡುತ್ತಲೇ ತಾಯಿ ಮಗಳಿಗೆ ಹೇಳಿ ನಕ್ಕಳು. ಆಮೇಲೆ ಕಿವಿಗೊಟ್ಟಳು. ಎದುರುಮನೆಯಲ್ಲಿ ಹಿತ್ತಾಳೆ ಉಜ್ಜುವ ಅರದ ಸದ್ದು ಬೆಳಗಿನಿಂದ ನಿಂತಿರಲಿಲ್ಲ.

ಅಲ್ಲಿನ ಮುದುಕರು ಹಾರ್ಮೋನಿಯಂ ಪೆಟ್ಟಿಗೆ ರಿಪೇರಿ ಮಾಡುವವರು. ಮುಂದಿನ ಕೋಣೆಯ ತುಂಬ ಬಿಚ್ಚಿದ ಪೆಟ್ಟಿಗೆಗಳು, ಹರಿದ ತಿದಿಗಳು. ಒಳಗೆ ಸ್ವರ ಹೊರಡಿಸುವ ಹಿತ್ತಾಳೆ ಪಟ್ಟಿಯೇ ರೀಡು. ಅದರ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಉದುರಿದ ಹಿತ್ತಾಳೆ ಮಾತ್ರ ಮರಳಿ ಅಂಟುವುದಿಲ್ಲ. ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳುತ್ತಿದ್ದರು: "ಅಪಸ್ವರ ಅಂದ್ರೆ ಕೆಟ್ಟ ಸ್ವರ ಅಲ್ಲ ಪುಟ್ಟಿ. 'ಅಪ' ಅಂದ್ರೆ ಆಚೆ ಸರಿದದ್ದು. ಪಾಪ, ತನ್ನ ಜಾಗ ಬಿಟ್ಟು ನಿಂತಿದೆ, ಕರ್ಕೊಂಡು ಬಂದು ಕೂರಿಸ್ಬೇಕು. ಜನ ನೋಡು, ಸಭೇಲಿ ಒಬ್ಬ ಬೇಡ ಅಂದ್ರೂ ಅಪಸ್ವರ ಎತ್ತಿದ ಅಂತಾರೆ. ಗಂಡ ಹೆಂಡ್ತಿ ಮುನಿಸ್ಕೊಂಡ್ರೂ ಸಂಸಾರದಲ್ಲಿ ಅಪಸ್ವರ ಅಂತಾರೆ. ಪೆಟ್ಟಿಗೆ ಮಾತನ್ನ ಮನೆಯೊಳಗೆ ತರಬಾರ್ದು."

ಕೊನೆಗೆ ತಂದವರು ಅವರೇ. "ಏನೇ ಅದು ನಿನ್ನ ದನಿ? ಬರೀ ಅಪಸ್ವರ!" ಎಂದು ಹೆಂಡತಿಯ ಮೇಲೆ ಹರಿಹಾಯತೊಡಗಿದರು. ಅಜ್ಜಿ ಮೊದಮೊದಲು, "ಮದುವೆ ಆದಾಗಿಂದ ಇದೇ ದನಿ, ಈಗ ಹುಳುಕು ಕಂಡಿತೇನೋ" ಎಂದು ಚುಚ್ಚುತ್ತಿದ್ದರು. ಈಗ ಮಾತೇ ಬಿಟ್ಟಿದ್ದಾರೆ. ಊಟಕ್ಕೆ ಕರೆಯುವುದೂ ಕೈಸನ್ನೆಯಲ್ಲಿ.

ಆ ಸಂಜೆ ಸಂಗೀತದ ಮೇಷ್ಟ್ರು ರಿಪೇರಿಯಾದ ಪೆಟ್ಟಿಗೆಯನ್ನು ಮತ್ತೆ ಹೊತ್ತು ತಂದು ಮುದುಕರ ಮುಂದೆ ದೊಪ್ಪನೆ ಇಟ್ಟರು. "ಕೆಟ್ಟಿದ್ದು ಒಂದೇ ರೀಡು ಯಜಮಾನ್ರೇ. ಈಗ ಇಡೀ ಪೆಟ್ಟಿಗೇನೇ ಕಿತ್ತಾಡ್ತಿದೆ."

"ಕಿವಿ ಗುಗ್ಗೆ ತೆಗೆಸ್ಕೊಳ್ಳಿ, ಹೋಗ್ರಿ!"

ಮೇಷ್ಟ್ರು ಹೋದರು. ಮಗಳನ್ನು ಕರೆತರಲು ಬಂದ ತಾಯಿ ಹೊಸ್ತಿಲಲ್ಲೇ ನಿಂತಳು. ಮುದುಕರು ಶ್ರುತಿ ನೋಡುವ ಉಕ್ಕಿನ ಕವಲುಕಡ್ಡಿಯನ್ನು ಮೊಣಕಾಲಿಗೆ ಬಡಿದು ಬಲಗಿವಿಗೆ ಹಿಡಿದರು. ಎಡಗಿವಿಗೆ. ಮತ್ತೆ ಬಲಕ್ಕೆ. ಮುಖ ಸುಣ್ಣದಂತಾಯಿತು.

"ಇದು ಉಕ್ಕು. ಇದು ಜಾಗ ಬಿಡೋದಿಲ್ಲ," ಎಂದರು ತಮಗೇ ಎಂಬಂತೆ. "ಆ ಕಿವೀಲಿ ಒಂದು ಸ್ವರ, ಈ ಕಿವೀಲಿ ಇನ್ನೊಂದು."

ಅಡುಗೆಮನೆಯ ಪಾತ್ರೆ ಸದ್ದೂ ನಿಂತಿತು. ಹುಡುಗಿ ಮಾತ್ರ ತನ್ನ ಪಾಡಿಗೆ ಗುನುಗುತ್ತಿದ್ದಳು. ಮುದುಕರು ಥಟ್ಟನೆ ಅವಳತ್ತ ತಿರುಗಿದರು. ಹುಬ್ಬು ಗಂಟಿಕ್ಕಿತ್ತು, ಕೈ ತನ್ನಷ್ಟಕ್ಕೆ ಅರಕ್ಕಾಗಿ ತಡಕಾಡುತ್ತಿತ್ತು. ತಾಯಿ ಮಗಳನ್ನು ಮೈಗೆ ಅವುಚಿಕೊಂಡಳು.

ಮುದುಕರು ತಮ್ಮ ಆ ಕೈಯನ್ನೇ ನೋಡಿಕೊಂಡರು. ಆಮೇಲೆ ಅರವನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ತಾಯಿಯತ್ತ ಚಾಚಿದರು.

"ನಿಮ್ಮನೇಲಿ ಬಚ್ಚಿಡು, ತಾಯಿ. ನಾಳೆ ನಾನೇ ಬಂದು ಕೇಳ್ತೀನಿ. ಬೈತೀನಿ, ಅಳ್ತೀನಿ. ಕೊಡಬೇಡ."