ಗುರುಲಿಂಗಪ್ಪನ ಶ್ರಾವಣದ ಔಷಧ

ಸೇಡಮಿನ ಗುರುಲಿಂಗಪ್ಪನು ಮೂವತ್ತು ವರ್ಷ ಬೇಳೆ ಮಿಲ್ಲಿನಲ್ಲಿ ತೂಕ ಮಾಡಿದವನು. ಅಷ್ಟರಿಂದಲೇ ಸಕಲ ವಿದ್ಯೆಯೂ ತನಗೆ ಬಂದಿದೆಯೆಂದು ನಂಬಿದ್ದನು. ಹೆಂಡತಿ ನೀಲಾಬಾಯಿ ಅವನನ್ನು ‘ಪಂಡಿತರು’ ಎನ್ನುತ್ತಿದ್ದಳು. ಅದು ಗೌರವವಲ್ಲವೆಂಬುದು ಅವನೊಬ್ಬನಿಗೆ ತಿಳಿದಿರಲಿಲ್ಲ.

ಕಳೆದ ವರ್ಷ ಅವನಿಗೆ ರಕ್ತದ ದೊಡ್ಡ ಕಾಯಿಲೆ ಬಂದಿತು. ಕಲಬುರಗಿಯ ಡಾಕ್ಟರರು ದಿನಕ್ಕೊಂದು ಕ್ಯಾಪ್ಸೂಲು ಬರೆದುಕೊಟ್ಟು, ಇಡಿಯಾಗಿ ನುಂಗಬೇಕು, ಒಡೆಯಲೇಬಾರದು ಎಂದರು. ಗುರುಲಿಂಗಪ್ಪನು ತಲೆಯಾಡಿಸಿದನು. ಕೇಳದೆಯೇ ತಲೆಯಾಡಿಸುವುದರಲ್ಲಿ ಅವನನ್ನು ಮೀರಿಸುವವರು ಚಿತ್ತಾಪುರದವರೆಗೂ ಇರಲಿಲ್ಲ.

ಶ್ರಾವಣ ಹಿಡಿಯಿತು. ಕ್ಯಾಪ್ಸೂಲಿನ ಹೊದಿಕೆಯನ್ನು ದನದ ಎಲುಬಿನಿಂದ ಮಾಡುತ್ತಾರೆಂದು ಚಹಾದಂಗಡಿಯಲ್ಲಿ ಯಾರೋ ಹೇಳಿದರು. ಕೊರಳಲ್ಲಿ ಲಿಂಗ ಕಟ್ಟಿದವನು ಅದನ್ನು ನುಂಗುವುದುಂಟೇ? ಡಾಕ್ಟರರನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಪಾಂಡಿತ್ಯಕ್ಕೆ ಕುಂದು. ನೀಲಾಬಾಯಿ ಮುಧೋಳದ ತಂಗಿಯ ಮನೆಗೆ ಹೋದದ್ದೇ ತಡ, ಐದು ತಿಂಗಳ ಬಸುರಿ ಸೊಸೆ ಬಸವೇಶ್ವರಿಯನ್ನು ಕರೆದು, ಹೊದಿಕೆ ಬಿಚ್ಚಿ ಪುಡಿಯನ್ನು ಮಜ್ಜಿಗೆಯಲ್ಲಿ ಕಲಸಿಕೊಡಲು ಹೇಳಿದನು.

ಎಂಟನೆಯ ದಿನ ನೀಲಾಬಾಯಿ ಮರಳಿದಾಗ ಸೊಸೆಯ ಬೆರಳುಗಳೆಲ್ಲ ಬೆಳ್ಳಗಿದ್ದವು.

“ಏನ್ ಮಾಡಾಕತ್ತೀಯವ್ವಾ?”

“ಮಾವನವರ ಗುಳಿಗಿ ಪುಡಿ ರೀ ಅತ್ತಿ. ಒಂದ್ ವಾರದಿಂದ ನಾನೇ ಬಿಚ್ಚಿ ಕೊಡಾಕತ್ತೀನಿ.”

ನೀಲಾಬಾಯಿ ಅವಳ ಕೈಯನ್ನು ಸಾಬೂನು ಹಾಕಿ ತೊಳೆಸಿ, ಡಬ್ಬಿ ಹಿಡಿದು ಔಷಧದಂಗಡಿಗೆ ನಡೆದಳು. ಅಂಗಡಿಯ ನಗ್ಮಾ ಹೆಸರು ಓದಿ ಗಾಬರಿಯಾದಳು.

“ಇದು ಭಾಳ ತೇಜ್ ಔಷಧ ರೀ ಅಮ್ಮಾ. ಬಸುರಾದಾಕಿ ಇದರ ಪುಡಿ ಮುಟ್ಟಬಾರ್ದು, ಮೂಗಿಗೂ ಹೋಗಬಾರ್ದು. ಕೂಸಿಗೆ ಧಕ್ಕಾ ಆಗಬಹುದು. ಇವತ್ತೇ ಡಾಕ್ಟರಿಗೆ ತೋರಿಸ್ರಿ.”

ಮನೆಯಲ್ಲಿ ಗುರುಲಿಂಗಪ್ಪನು ಮಜ್ಜಿಗೆಗೆ ಕಾಯುತ್ತ ಕುಳಿತಿದ್ದನು.

“ಪಂಡಿತ್ರ, ಎಲುಬಿಗೆ ಹೆದರಿದ್ರಿ. ಹೊಟ್ಟ್ಯಾಗಿನ ಕೂಸು ನಿಮ್ಮ ಕಣ್ಣಿಗಿ ಬೀಳಲಿಲ್ಲೇನ್ರಿ?”

ಸಂಗತಿ ಕೇಳಿ ಅವನು ತೊದಲಿದನು: “ನಾ ಏನ್ ಬೇಕಂತ ಮಾಡೀನೇನ?”

“ಬೇಕಂತ ಮಾಡಾಕ ಬುದ್ಧಿ ಬೇಕಾಗ್ತದ! ಫೋನ್ ಹಚ್ರಿ ಡಾಕ್ಟರಿಗೆ. ನಿಮ್ಮ ಬಾಯಿಲೇ ಹೇಳ್ರಿ.”

ಹೇಳಿದನು. ಡಾಕ್ಟರರು ಸೊಸೆಯನ್ನು ಕೂಡಲೇ ಕರೆತರಲು ತಿಳಿಸಿದರು. “ನಿಮ್ಮ ಔಷಧ ನೀವಾಗಿ ನಿಲ್ಲಿಸಬೇಡಿ. ಹೊದಿಕೆಯ ಮಾತು ಮೊದಲೇ ಕೇಳಿದ್ದರೆ ಬೇರೆ ದಾರಿ ನೋಡುತ್ತಿದ್ದೆವಲ್ಲ?” ಎಂದರು. ಪಂಡಿತರು ಈ ಸಲ ಕೇಳಿಯೇ ತಲೆಯಾಡಿಸಿದರು.

ಮಧ್ಯಾಹ್ನ ಕಲಬುರಗಿಯಲ್ಲಿ ಸ್ಕ್ಯಾನ್ ಆಯಿತು. ಹೊರಗೆ ನಿಂತಿದ್ದ ಗುರುಲಿಂಗಪ್ಪನು ಕೇಳಿದನು: “ಏನಂದ್ರು?”

ಹೊರಬಂದ ನೀಲಾಬಾಯಿ ಹೇಳಿದಳು: “ಸದ್ಯ ಕೂಸು ಛಲೋ ಅದಂತ. ಮುಂದಿನ ತಿಂಗಳ ಮತ್ತ ನೋಡಿದ ಮ್ಯಾಲೇ ಖಾತ್ರಿ ಹೇಳ್ತಾರಂತ.”

ಬಸವೇಶ್ವರಿಯು ಬೆಂಚಿನ ಮೇಲೆ ಸರಿದು ಮಾವನಿಗೆ ಜಾಗ ಬಿಟ್ಟಳು. ಆ ಜಾಗದಲ್ಲಿ ನೀಲಾಬಾಯಿಯೇ ಕುಳಿತಳು.