ಗೆದ್ದವರ ಬೆನ್ನ ಹಿಂದೆ

ಪುತ್ತೂರಿನಲ್ಲಿ ಬೆಟ್ಟಂಪಾಡಿಯ ಬಸ್ಸು ಹತ್ತಿ ಕೂತು ರೋಮಿನ ಚರಿತ್ರೆ ಓದುತ್ತಿದ್ದೆ. ಯುದ್ಧ ಗೆದ್ದ ಸೇನಾಪತಿ ರಥದಲ್ಲಿ ಮೆರೆಯುವಾಗ ಅವನ ಬೆನ್ನ ಹಿಂದೆ ಗುಲಾಮನೊಬ್ಬ ನಿಂತು, ನೀನೂ ಮನುಷ್ಯನೇ ಎಂದು ಕಿವಿಯಲ್ಲಿ ಹೇಳುತ್ತಿದ್ದನಂತೆ. ಭಲೇ ಜನ ಅಂದುಕೊಂಡೆ.

ಅಷ್ಟರಲ್ಲಿ ಒಬ್ಬರು ಗೌಡರು ಹತ್ತಿದರು. ತಾಲೂಕು ಬೋರ್ಡಿಗೆ ಆಗಷ್ಟೇ ಗೆದ್ದವರು. ಕೊರಳಲ್ಲಿ ಮೊಣಕಾಲು ಮುಟ್ಟುವ ಕೇಪಳ ಹೂವಿನ ಕೆಂಪು ಹಾರ. ನನ್ನ ಮುಂದಿನ ಸೀಟನ್ನು ಯಾರೋ ಎದ್ದು ಅವರಿಗೆ ಬಿಟ್ಟುಕೊಟ್ಟರು. ಅವರ ಹೆಂಡತಿ, ನಾನೂ ಹೆಂಗಸೆಂದು, ನನ್ನ ಪಕ್ಕ ಕೂತರು.

ಬಸ್ಸು ಹೊರಟದ್ದೇ ಗೌಡರು ಕತ್ತು ಕೊಂಕಿಸತೊಡಗಿದರು. ಹೂವಿನ ಬಣ್ಣದಲ್ಲೇ ಅಡಗಿದ್ದ ಕೆಂಪಿರುವೆಗಳು ಅಂಗಿಯೊಳಗೆ ಇಳಿಯುತ್ತಿದ್ದವು.

"ಹಾರ ತೆಗೀರಿ ಮಾರಾಯ್ರೆ," ಎಂದರು ಹೆಂಡತಿ ಮೆಲ್ಲಗೆ.

"ಊರು ಬರ್ಲಿ. ಜನ ಕಾಯ್ತಾ ಉಂಟು."

"ನೀವು ಗೆದ್ದದ್ದು ಇರುವೆಗೆ ಗೊತ್ತುಂಟಾ?"

ಗೌಡರು ಕಿಟಕಿಯ ಹೊರಗೆ ಕಂಡವರಿಗೆಲ್ಲ ಕೈಮುಗಿಯುತ್ತ, ಹಲ್ಲು ಕಚ್ಚಿ ನಗುತ್ತಿದ್ದರು. ಆಕೆ ಮುಂದಕ್ಕೆ ಬಾಗಿ ಅವರ ಕಾಲರ್ ಎತ್ತಿ, ಮಗುವಿನ ತಲೆಯಿಂದ ಹೇನು ಹೆಕ್ಕುವ ಹಾಗೆ, ಇರುವೆ ಹೆಕ್ಕುತ್ತಲೇ ಹೋದರು. ನನ್ನ ಪುಸ್ತಕ ಮುಚ್ಚಿಯೇ ಹೋಯಿತು.

ಬೆಟ್ಟಂಪಾಡಿಯಲ್ಲಿ ಜೈಕಾರ. ಗೌಡರು ಇಳಿದದ್ದೇ ತಡ, ಊರವರು ಇನ್ನೊಂದು ಹಾರ ಹಾಕಿದರು. ಅದೂ ಕೇಪಳದ್ದೇ.

"ಆಯ್ತಲ್ಲ!" ಎಂದು ನನ್ನ ಕಡೆ ನೋಡಿ ನಕ್ಕ ಆಕೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಜನರ ನಡುವೆ ನುಗ್ಗಿ ಗಂಡನ ಬೆನ್ನ ಹಿಂದೆ ನಿಂತುಕೊಂಡರು.